ಇನ್ನೂ ಓಡುತ್ತೆ

ಆ ಮನೆಯಲ್ಲಿ ಹೊಸ ಬ್ರಷ್ಷು ಬೇಕೆಂದರೆ ಹಳೆಯ ಬ್ರಷ್ಷನ್ನು ಮಾವನ ಮುಂದೆ ಇಡಬೇಕು. ಬಲ್ಬು ಬೇಕೆಂದರೆ ಸುಟ್ಟುಹೋದ ಬಲ್ಬು, ಚಪ್ಪಲಿ ಬೇಕೆಂದರೆ ಕಿತ್ತುಹೋದ ಚಪ್ಪಲಿ. ಮಾವ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ "ಇನ್ನೂ ಓಡುತ್ತೆ" ಎಂದರೆ ಮುಗಿಯಿತು. ಬ್ರಷ್ಷಿನ ಕೂದಲೆಲ್ಲ ಉದುರಿದ್ದರೂ ಅದು ಇನ್ನೊಂದು ತಿಂಗಳು ಓಡಲೇಬೇಕು. ಅವರು ಜೀವಮಾನವೆಲ್ಲ ಬಸ್ ಡಿಪೋದ ಸ್ಟೋರಿನಲ್ಲಿ ಕೂತು ಬಂದವರು. ಸವೆದ ಸಾಮಾನು ಕೌಂಟರಿನ ಒಳಗೆ ಬಂದರಷ್ಟೇ ಹೊಸ ಸಾಮಾನು ಹೊರಗೆ, ಅದು ಅಲ್ಲಿಯ ಪದ್ಧತಿ. ನಿವೃತ್ತಿಯ ದಿನ ಕೌಂಟರನ್ನು ಡಿಪೋದಲ್ಲೇ ಬಿಟ್ಟರು, ಪದ್ಧತಿಯನ್ನು ಮನೆಗೆ ತಂದರು. ಈಗ ನಡುಮನೆಯ ಕಬ್ಬಿಣದ ಬೀರುವೇ ಸ್ಟೋರು, ಮನೆಯವರ ಸಂಬಳವೂ ಅದರೊಳಗೇ. ಅದರ ಕೀಲಿ ಅವರ ಅಂಗಿಯ ಜೇಬಿನಲ್ಲಿ.

ಫೋನುಗಳಿಗೂ ಇದೇ ಕಾನೂನು, ಅದರ ಮೇಲೆ ಹಿರಿತನದ ಇನ್ನೊಂದು ಕಾನೂನು. ಮಗ ಬಣ್ಣದ ಅಂಗಡಿಯಲ್ಲಿ ಮಾರಾಟದ ಕೆಲಸದವನು. ಗಿರಾಕಿಗಳಿಗೆ ಗೋಡೆಯ ಬಣ್ಣದ ಫೋಟೊ ಕಳಿಸಬೇಕು, ಆದ್ದರಿಂದ ಹೊಸದು ಅವನಿಗೆ. ಅವನು ಬಿಟ್ಟದ್ದು ಅಪ್ಪನಿಗೆ, ಅಪ್ಪ ಬಿಟ್ಟದ್ದು ಸೊಸೆಗೆ. ಅತ್ತೆ ಮಾತ್ರ ಈ ಸಾಲಿಗೆ ಸೇರಿದವರಲ್ಲ. ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನೊಂದನ್ನು ಇಟ್ಟುಕೊಂಡು, ಯಾರ ಹಂಗೂ ಇಲ್ಲದೆ ಆರಾಮಾಗಿದ್ದರು.

ಸೊಸೆಯ ಕೈ ಸೇರುವ ಹೊತ್ತಿಗೆ ಫೋನಿನ ಹುರುಪೆಲ್ಲ ಇಳಿದಿರುತ್ತಿತ್ತು. ಇಳಿಯದೆ ಉಳಿದದ್ದು ಅಲಾರಂಗಳು. ಆ ಮನೆಯಲ್ಲಿ ಫೋನನ್ನು ಒರೆಸಿ ಕೊಡುತ್ತಿದ್ದರೇ ಹೊರತು ಒಳಗಿನದನ್ನು ಅಳಿಸಿ ಕೊಡುತ್ತಿರಲಿಲ್ಲ. ಮಾವನ ಬೆಳಗಿನ ಮಾತ್ರೆ, ಸಂಜೆಯ ಮಾತ್ರೆ, ನೀರಿನ ಮೋಟಾರು ಹಾಕುವುದು, ಆರಿಸುವುದು, ಗಂಡ ಅಂಗಡಿಯ ಕೀಲಿ ಮರೆಯದಿರುವುದು, ಎಲ್ಲವೂ ಆ ಫೋನಿನಲ್ಲೇ ಬಡಿದುಕೊಳ್ಳುತ್ತಿದ್ದವು. ಅಲಾರಂ ಯಾರ ಬಳಿ ಇದೆಯೋ ಕೆಲಸ ಅವರದು ಎಂದಾಗಲು ಎಷ್ಟು ದಿನ ಬೇಕು? ತೆಗೆದುಹಾಕುತ್ತೇನೆಂದು ಅವಳು ಒಮ್ಮೆ ಅಂದಿದ್ದಳು.

"ಇರ್ಲಿ ಬಿಡಮ್ಮ," ಅಂದಿದ್ದರು ಮಾವ. "ಎರಡೆರಡು ಕಡೆ ಯಾಕೆ ಬಡ್ಕೋಬೇಕು? ನೀನು ಹೇಗೂ ಹೇಳ್ತೀಯಲ್ಲ."

ಅವಳು ಬೆಳಗ್ಗೆ ಬೇಗ ಕೆಲಸಕ್ಕೆ ಹೋಗುವವಳು. ಮಾತ್ರೆಯ ಅಲಾರಂ ಅವಳ ಜೇಬಿನಲ್ಲಿ ಹೊಡೆದಾಗ ಅಲ್ಲಿಂದಲೇ ಅತ್ತೆಯ ಬಟನ್ ಫೋನಿಗೆ ಕರೆಮಾಡಿ "ಮಾವನಿಗೆ ಮಾತ್ರೆ" ಎನ್ನುವಳು. ಅತ್ತೆ ಅಡುಗೆಮನೆಯಿಂದ ಕೂಗುವರು. ಮಾವ, ತಲೆಯ ಮೇಲೆಯೇ ಇರುವ ಗೂಡಿನಿಂದ ಮಾತ್ರೆ ತೆಗೆದು ನುಂಗುವರು.

ಕೆಲಸ ಇದ್ದದ್ದು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿ ನಡುವೆ ಗೋಡೆ. ಒಂದು ಪಕ್ಕ ಕೊಳೆ ಕಡೆ, ಇನ್ನೊಂದು ಪಕ್ಕ ಒಗೆದ ಕಡೆ. ಕೊಳೆ ಕಡೆಯಲ್ಲಿ ವಾರ್ಡುಗಳಿಂದ ಬಂದ ಚೀಲ ಬಿಚ್ಚಿ, ರಕ್ತದ್ದು, ವಾಂತಿಯದ್ದು, ಅದಕ್ಕಿಂತ ಕೆಟ್ಟದ್ದು ಎಂದು ಹಾಸಿಗೆ ಬಟ್ಟೆಗಳನ್ನು ಬೇರೆಬೇರೆ ಮಾಡಬೇಕು. ದಿನಗೂಲಿ. ಅವಳು ಶುರುಮಾಡಿದ್ದು ಅಲ್ಲಿಂದಲೇ. ಆ ವರ್ಷಗಳಲ್ಲಿ ಕೈಗೆ ಎಷ್ಟು ಸೋಪು ಹಚ್ಚಿದರೂ ಊಟದ ತುತ್ತಿನಲ್ಲಿ ಆ ವಾಸನೆ ಬರುತ್ತಿತ್ತು. ಕಷ್ಟಪಟ್ಟು ಗೋಡೆಯ ಈಚೆಗೆ ಬಂದು, ತಿಂಗಳ ಸಂಬಳದವಳಾಗಿ, ಉರುಳೆಯ ಇಸ್ತ್ರಿ ಯಂತ್ರದ ತುದಿಯಲ್ಲಿ ನಿಲ್ಲುವ ಜಾಗ ಗಿಟ್ಟಿಸಿಕೊಂಡಿದ್ದಳು. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಬಿಳಿ ಹಾಸುಗಳನ್ನು ಜೊತೆಗಾತಿಯೊಂದಿಗೆ ಎದುರು ಬದುರು ನಿಂತು ಮಡಿಸುವುದು. ಪಕ್ಕದಲ್ಲಿ ಕಿಟಕಿ. ಆ ಜಾಗವೆಂದರೆ ಅವಳಿಗೆ ಪ್ರಾಣ.

ಒಂದು ಸಂಜೆ ಊಟಕ್ಕೆ ಬಡಿಸುತ್ತಾ ಅವಳು ಹೇಳಿದಳು: "ಮುಂದಿನ ತಿಂಗಳಿಂದ ಹಾಜರಿ ಫೋನಲ್ಲಂತೆ. ಗೇಟಲ್ಲಿ ನಿಂತು ನಮ್ಮ ಫೋನಿಂದ ಮುಖದ ಫೋಟೊ ತೆಗೀಬೇಕು. ಅದಕ್ಕೊಂದು ಆ್ಯಪ್ ಹಾಕ್ಕೊಳ್ಳಿ ಅಂದ್ರು. ನನ್ನ ಫೋನಿಗೆ ಅದು ಬರ್ತಾನೇ ಇಲ್ಲ."

"ಜಾಗ ಖಾಲಿ ಮಾಡು," ಎಂದ ಗಂಡ, ಆಲೂಗಡ್ಡೆ ಹಿಸುಕುತ್ತಾ. "ಬೇಡದ ಫೋಟೊ ಎಲ್ಲ ಅಳಿಸು."

"ಅಳಿಸಿದೆ. ಬೇಕಾದ್ದನ್ನೂ ಅಳಿಸಿದೆ. ಈ ಫೋನಿಗೆ ಆಗೋದಿಲ್ಲ ಅಂತ ಬರುತ್ತೆ."

"ಕೊಡು ಇಲ್ಲಿ." ಎಡಗೈಯಲ್ಲಿ ಅದನ್ನು ತೆಗೆದುಕೊಂಡು, ಒತ್ತಿ, ಕಾದು, ಮತ್ತೆ ಒತ್ತಿ, ಮತ್ತೆ ಕಾದ. "ನಿಧಾನ ಸ್ವಲ್ಪ. ಆದ್ರೆ ಗಟ್ಟಿ ಮುಂಡೇದು. ನನ್ನದು ಒಂದ್ಸಲ ಬಿದ್ರೆ ಗಾಜು ಹೋಗುತ್ತೆ. ಇದು ಎಷ್ಟು ಸಲ ಬಿದ್ದಿಲ್ಲ!"

ಮಾವನಿಗೆ ಇಷ್ಟೇ ಸಾಕಾಯಿತು. "ತೂಕ ನೋಡೋ ಅದರದ್ದು. ಕೈಯಲ್ಲಿ ಹಿಡಿದ್ರೆ ಒಂದು ಸಾಮಾನು ಹಿಡಿದ ಹಾಗಿರುತ್ತೆ. ಹಿಂದಿನ ಮುಚ್ಚಳ ತೆಗೆದು ನಾವೇ ಬ್ಯಾಟರಿ ಬದಲಾಯಿಸಬಹುದು. ಈಗಿನದರಲ್ಲಿ ಎಲ್ಲಿದೆ ಅದು? ಬ್ಯಾಟರಿ ಸತ್ರೆ ಫೋನೇ ಸತ್ತ ಹಾಗೆ."

"ನನ್ನದಕ್ಕೆ ವಾರಕ್ಕೊಂದ್ಸಲ ಚಾರ್ಜು," ಎಂದರು ಅತ್ತೆ. "ಕರೆಂಟ್ ಹೋದ್ರೆ ಟಾರ್ಚು. ರೇಡಿಯೊ ಹಾಕಿದ್ರೆ ಮೂರು ಮನೆಗೆ ಕೇಳುತ್ತೆ. ಎಷ್ಟು ಮೆರೆದ್ರೂ ಕೊನೆಗೆ ಹಳೇ ಗಂಡನ ಪಾದವೇ ಗತಿ."

ಮಾವ ತಲೆಯೆತ್ತಿ ನೋಡಿದರು.

"ಫೋನಿನ ಮಾತು ಕಣ್ರೀ. ಊಟ ಮಾಡಿ."

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. "ಗಟ್ಟಿ ಇದ್ರೆ ಏನು ಬಂತು? ಅದರಲ್ಲಿ ಹಾಜರಿ ಹಾಕಕ್ಕಾಗಲ್ಲ. ಮೂರು ಗೈರು ಬಿದ್ರೆ ಕೊಳೆ ಕಡೆಗೆ ಹಾಕ್ತಾರೆ. ನನ್ನ ಸಂಬಳದಲ್ಲೇ ಒಂದು ಚಿಕ್ಕದು ತಗೊಳ್ಳೋಣ."

ಮಾವ ಕೈ ಚಾಚಿದರು. ಅವಳು ಫೋನು ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ನೋಡಿದರು, ಅತ್ತೆಯ ಫೋನಿಗೆ ಒಂದು ಕರೆ ಮಾಡಿದರು. ಅಡುಗೆಮನೆಯಲ್ಲಿ ಅದು ಬಡಿದುಕೊಂಡಿತು.

"ಇನ್ನೂ ಓಡುತ್ತೆ," ಎಂದು ವಾಪಸು ಕೊಟ್ಟರು.

ಆ ಆ್ಯಪ್ ನಡೆಯುವ ಫೋನು ಮನೆಯಲ್ಲೇ ಇತ್ತು. ಮಾವನದು. ಅವರು ಅದನ್ನು ಸ್ಟೂಲಿನ ಮೇಲೆ ಲೋಟಕ್ಕೆ ಒರಗಿಸಿಟ್ಟು, ಯಾರೋ ಎಲ್ಲೋ ಬಸ್ಸಿನ ಎಂಜಿನ್ ಬಿಚ್ಚುವುದನ್ನು ಬೆಳಗಿನಿಂದ ನೋಡುತ್ತಿದ್ದರು. ಮಧ್ಯೆ ಪತ್ರಿಕೆಯ ಅಕ್ಷರ ದೊಡ್ಡದು ಮಾಡಿ ಓದುತ್ತಿದ್ದರು, ಕಣ್ಣಿಗೆ ಹಿತವೆಂದು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಇದು ಗಂಡನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಸೊಸೆಗಂತೂ ಹೊಟ್ಟೆಯೊಳಗೆ ಕುದಿಯುವಷ್ಟು ಗೊತ್ತಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಅವಳು ಗಂಡನನ್ನು ಹಿಡಿದಳು. "ಮಾವನದಕ್ಕೆ ಬರುತ್ತೆ ಅದು. ಒಂದು ಮಾತು ಕೇಳಿ ನೋಡ್ತೀರಾ?"

"ಅಪ್ಪನ ಕೈಯಿಂದ ಕಿತ್ಕೊಂಡು ನಿನಗೆ ಕೊಡ್ಲಾ? ಏನಂದ್ಕೋತಾರೆ?"

"ಹಾಗಾದ್ರೆ ನಿಮ್ಮದು ಕೊಡಿ."

"ಗಿರಾಕಿ ನೀಲಿ ಕೇಳಿದ್ರೆ ಈ ಹಳೇದರಲ್ಲಿ ಬೂದು ಕಾಣುತ್ತೆ. ನನ್ನ ಕೆಲಸಕ್ಕೆ ಕಲ್ಲು ಹಾಕ್ತೀಯಾ? ಇರು, ಮುಂದಿನ ತಿಂಗಳು ನೋಡೋಣ."

"ಹಾಜರಿ ಶುರು ಆಗೋದೇ ಮುಂದಿನ ತಿಂಗಳು."

"ಅದನ್ನೇ ಹೇಳಿದ್ದು. ಮುಂದಿನ ತಿಂಗಳು."

ಅವಳು ಬಟ್ಟೆ ಹಿಡಿಯುವ ಕ್ಲಿಪ್ಪುಗಳನ್ನು ಡಬ್ಬಿಗೆ ಎಸೆದಳು. ಕೋಪಕ್ಕೆ ಒಂದೂ ಡಬ್ಬಿಯೊಳಗೆ ಬೀಳಲಿಲ್ಲ.

ತಾನೇ ಕೇಳುತ್ತೇನೆಂದು ಮರುದಿನ ಚಹಾ ಹಿಡಿದು ಮಾವನ ಮುಂದೆ ಹೋದಳು. "ಮಾವ, ನಿಮ್ಮ ಫೋನಲ್ಲಿ..."

"ಬಾಮ್ಮ, ನೋಡು, ನೋಡು! ಆ ಗೇರ್‌ಬಾಕ್ಸ್ ಹೇಗೆ ಇಳಿಸ್ತಿದಾನೆ. ಒಂದು ಬೋಲ್ಟೂ ಹಾಳು ಮಾಡಿಲ್ಲ." ಮುಖದಲ್ಲಿ ಮಗುವಿನಂಥ ಸಂತೋಷವಿತ್ತು. ಅವಳು ಲೋಟ ಇಟ್ಟು ಸ್ವಲ್ಪ ಹೊತ್ತು ಗೇರ್‌ಬಾಕ್ಸ್ ನೋಡಿ ಒಳಗೆ ಬಂದಳು. ತನ್ನ ಮೇಲೆಯೇ ತನಗೆ ಉರಿ ಬಂತು.

ರಿಪೇರಿ ಅಂಗಡಿಯವನು ಫೋನನ್ನು ನೋಡಿದ ಕೂಡಲೇ ನಕ್ಕ. "ಅಕ್ಕ, ಇದು ಕೆಟ್ಟಿಲ್ಲ. ಇದಕ್ಕೆ ವಯಸ್ಸಾಗಿದೆ. ಕೆಟ್ಟಿದ್ರೆ ಸರಿ ಮಾಡಿ ಕೊಡ್ತಿದ್ದೆ, ವಯಸ್ಸಿಗೆ ಏನು ಮಾಡ್ಲಿ?"

"ಒಳಗಿನದು ಹೊಸದು ಹಾಕಕ್ಕಾಗಲ್ವಾ?"

"ಇದರ ಕಂಪನಿಯೋರೇ ಕೈಬಿಟ್ಟಿದಾರೆ. ಮಾತಾಡೋದಕ್ಕೆ ಇಟ್ಕೊಳ್ಳಿ, ಇನ್ನೂ ಐದು ವರ್ಷ ಬರುತ್ತೆ."

ಐದು ವರ್ಷ! ಅವನು ಒಳ್ಳೆಯದಕ್ಕೇ ಹೇಳಿದ್ದು. ಅವಳಿಗೆ ಮಾತ್ರ ಶಾಪದ ಹಾಗೆ ಕೇಳಿತು.

ತಿಂಗಳು ಹುಟ್ಟಿತು. ಗೇಟಿನಲ್ಲಿ ಹೆಂಗಸರೆಲ್ಲ ಸಾಲಾಗಿ ನಿಂತು, ಕೂದಲು ಸರಿಮಾಡಿಕೊಂಡು, ಫೋನಿಗೆ ಮುಖ ಕೊಟ್ಟು ಒಳಗೆ ಹೋದರು. ಜೊತೆಗಾತಿ ತನ್ನ ಫೋನನ್ನು ಕೊಟ್ಟು ನೋಡಿದಳು. ಒಂದು ಫೋನಿಗೆ ಒಂದೇ ಮುಖವಂತೆ, ಎರಡನೆಯದನ್ನು ಅದು ಒಪ್ಪಲಿಲ್ಲ. ಸೂಪರ್‌ವೈಸರಮ್ಮ ಕೆಟ್ಟವಳಲ್ಲ. "ಶುರುವಿನ ಎರಡು ವಾರ ನಾನು ಕೈಯಲ್ಲಿ ಬರ್ಕೋತೀನಿ. ಆಮೇಲೆ ನನ್ನ ಕೈಲಿಲ್ಲ," ಎಂದಳು.

ಆ ವಾರವೇ ಇಸ್ತ್ರಿ ಯಂತ್ರದ ಮೇಜಿನಿಂದ ಫೋನು ಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ. ಜೊತೆಗಾತಿ "ಅಯ್ಯೋ!" ಎಂದಳು. ಆದರೆ ಸೊಸೆಯ ಎದೆಯಲ್ಲಿ ಏನೋ ಹಗುರಾಯಿತು. ಸತ್ತಿದ್ದರೆ? ಸತ್ತ ಸಾಮಾನು ಮಾವನ ಮುಂದಿಟ್ಟರೆ ಕಾನೂನು ಪ್ರಕಾರವೇ ಹೊಸದು ಬರಬೇಕಲ್ಲ! ಎತ್ತಿ ಜೋಡಿಸಿದಳು. ಫೋನು ಝುಂಯ್ ಎಂದು ನಡುಗಿ ಎದ್ದು ಕೂತು, ಅದೇ ಖುಷಿಯಲ್ಲಿ ಮೋಟಾರಿನ ಅಲಾರಂ ಹೊಡೆಯಿತು.

ತಾನಾಗಿ ಸಾಯದಿದ್ದರೆ ಸಾಯಿಸಬೇಕು. ಭಾನುವಾರ ಮಹಡಿಯಿಂದ ಇಳಿಯುವಾಗ ಮೆಟ್ಟಿಲ ತುದಿಯಲ್ಲಿ ನಿಂತು, ಸುತ್ತ ನೋಡಿ, ಕೈ ಸಡಿಲ ಬಿಟ್ಟಳು. ಫೋನು ಪ್ರತಿ ಮೆಟ್ಟಿಲನ್ನೂ ಮಾತಾಡಿಸಿಕೊಂಡು ಕೆಳಗೆ ಹೋಯಿತು. ಇಳಿದು ನೋಡಿದರೆ ಗಾಜಿನ ಕೆಳಗಿನ ಪಟ್ಟಿ ಮಾತ್ರ ಸತ್ತಿತ್ತು. ಬೆರಳಿಟ್ಟರೆ ಅಲ್ಲಿ ಏನೂ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ನೆಟ್ಟಗಿತ್ತು. ಅಲಾರಂ ನಿಲ್ಲಿಸುವ ಗುರುತು ಸರಿಯಾಗಿ ಆ ಸತ್ತ ಪಟ್ಟಿಯಲ್ಲೇ ಬರುತ್ತಿತ್ತು. ಅಂದರೆ ಫೋನು ಸಾಯಲಿಲ್ಲ, ಅದರ ಬಾಯಿ ಮುಚ್ಚಿಸುವುದು ಇನ್ನೂ ಕಷ್ಟವಾಯಿತು. ಪಕ್ಕದ ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ನಿಲ್ಲುತ್ತದೆ ಎಂಬುದನ್ನು ಅವಳು ಒದ್ದಾಡಿ ಕಂಡುಹಿಡಿದಳು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು ಎನ್ನುವುದು ಗೊತ್ತಾದದ್ದು ಮರುದಿನ, ಹುರುಳಿಕಾಯಿ ನಾರು ತೆಗೆಯುವಾಗ.

"ಅಷ್ಟು ಎತ್ತರದಿಂದ ಏನೂ ಆಗಲ್ಲ ಕಣೇ," ಎಂದರು ಅತ್ತೆ, ಕೈಕೆಲಸ ಬಿಡದೆ. "ನನ್ನದು ಮಹಡಿಯಿಂದ ರಸ್ತೆಗೆ ಬಿದ್ದಿತ್ತು. ಹಾಲಿನವನ ಸೈಕಲ್ ಅದರ ಮೇಲೆ ಹೋಯ್ತು. ಎತ್ಕೊಂಡು ನನಗೇ ಫೋನ್ ಮಾಡಿದ."

"ಯಾವ ಫೋನಿಗೆ ಮಾಡಿದ, ಅತ್ತೆ? ಫೋನು ಅವನ ಹತ್ರ ಇತ್ತಲ್ಲ?"

"ಮನೆಯಲ್ಲಿ ಆಗ ತಂತಿಯ ಫೋನ್ ಇತ್ತು. ಮಾತು ತಪ್ಪಿಸಬೇಡ. ನೀರು ಬೇಕು ಅದಕ್ಕೆ. ನೀರು."

ಗುರುವಾರ ಅವಳು ಫೋನನ್ನು ತನ್ನ ಕೆಲಸದ ಅಂಗಿಯ ಜೇಬಿನಲ್ಲಿ ಬಿಟ್ಟು, ಅಂಗಿಯನ್ನು ಸೋಪಿನ ನೀರಿನ ಬಕೆಟ್ಟಿಗೆ ಅದ್ದಿದಳು. ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಗುಳ್ಳೆಗಳು ಬಂದವು. ಪಾಪ ಅನ್ನಿಸಿತೋ ಹೇಸಿಗೆ ಅನ್ನಿಸಿತೋ, ಆಮೇಲೆ "ಅಯ್ಯೋ ಫೋನು!" ಎಂದು ಕೂಗಿದಳು. ಕೂಗು ಸ್ವಲ್ಪ ಹೆಚ್ಚೇ ಆಯಿತು.

ಮಾವ ಓಡಿ ಬಂದರು. ಅವರನ್ನು ಅಷ್ಟು ಚುರುಕಾಗಿ ಯಾರೂ ಈಚೆಗೆ ನೋಡಿರಲಿಲ್ಲ. "ಆನ್ ಮಾಡಬೇಡ! ಕೊಡು ಇಲ್ಲಿ!" ಮುಚ್ಚಳ ತೆಗೆದರು, ಬ್ಯಾಟರಿ ಕಿತ್ತರು, ಬನಿಯನ್ನಿನ ತುದಿಯಿಂದ ಒಂದೊಂದು ಮೂಲೆ ಒರೆಸಿದರು. ಅಕ್ಕಿ ಡಬ್ಬಿಯೊಳಗೆ ಹೂತರು. "ಮೂರು ದಿನ ಯಾರೂ ಮುಟ್ಟಬಾರದು."

"ಸತ್ತಿದೆ ಬಿಡಿ ಮಾವ. ಅಷ್ಟೊತ್ತು ನೀರಲ್ಲಿತ್ತು."

"ಸಾಯೋದಕ್ಕೆ ಇದೇನು ಈಗಿನ ಕಾಲದ್ದಾ?"

ಆ ಮೂರು ದಿನ ಅನ್ನಕ್ಕೆ ಅಕ್ಕಿ ತೆಗೆಯುವಾಗಲೂ ಅತ್ತೆ ಫೋನನ್ನು ಪಕ್ಕಕ್ಕೆ ಸರಿಸಿ ಅಳೆಯಬೇಕಾಯಿತು. ಅಲಾರಂ ಒಂದೂ ಹೊಡೆಯಲಿಲ್ಲ. ಶುಕ್ರವಾರ ಮೋಟಾರು ಆರಿಸುವವರಿಲ್ಲದೆ ತೊಟ್ಟಿ ತುಂಬಿ ಹರಿದು, ಪಕ್ಕದ ಮನೆಯ ಹಾಸಿಗೆ ನೆನೆದು, ಆ ಮನೆಯಾಕೆ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋದಳು. ಮಾವ ಬೆಳಗಿನ ಮಾತ್ರೆ ಮರೆತು, ಶನಿವಾರ ತಲೆಸುತ್ತಿ ಗೋಡೆ ಹಿಡಿದು ನಿಂತರು. "ನೋಡಿದ್ಯಾ?" ಎಂದರು ಮಗನಿಗೆ. "ಆ ಫೋನ್ ಇಲ್ದಿದ್ರೆ ಮನೆ ನಡೆಯಲ್ಲ." ಸೊಸೆ ಅಲ್ಲೇ ನೆಲ ಒರೆಸುತ್ತಿದ್ದಳು. ಬಟ್ಟೆಯನ್ನು ಹಿಂಡಿದ ರಭಸಕ್ಕೆ ನೀರು ಮಾವನ ಕಾಲಿಗೆ ಸಿಡಿಯಿತು.

ಭಾನುವಾರ ಮಾವ ಎಲ್ಲರನ್ನೂ ಕರೆದು ಕೂರಿಸಿಕೊಂಡು ಡಬ್ಬಿ ತೆರೆದರು. ಬ್ಯಾಟರಿ ಹಾಕಿದರು, ಒತ್ತಿದರು. ಫೋನಿನ ಕಂಡಿಯಿಂದ ಒಂದು ಅಕ್ಕಿಕಾಳು ಉದುರಿತು. ಆಮೇಲೆ ಬೆಳಕು ಬಂತು.

"ಓಡುತ್ತೆ!" ಮಾವ ಕೈ ಮೇಲೆತ್ತಿದರು. "ಇನ್ನೂ ಓಡುತ್ತೆ!"

ಗಂಡ ಚಪ್ಪಾಳೆ ತಟ್ಟಿದ. "ಭಲೇ ಅಪ್ಪ! ಹೊಸದಾಗಿದ್ರೆ ಎಸೀಬೇಕಾಗಿತ್ತು." ಅತ್ತೆ ಸೊಸೆಯ ಮುಖ ನೋಡಿ, ತಮ್ಮ ಬಟನ್ ಫೋನಿನ ರಬ್ಬರ್ ಬ್ಯಾಂಡನ್ನು ಸುಮ್ಮನೆ ಎಳೆದು ಬಿಟ್ಟರು. ಸೊಸೆ ಫೋನನ್ನು ತೆಗೆದುಕೊಂಡಳು. "ಒಳ್ಳೇದಾಯ್ತು ಮಾವ," ಎಂದಳು. ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತಳು.

ಎರಡು ವಾರ ಮುಗಿದಿತ್ತು. ಸೋಮವಾರ ಮೊದಲ ಗೈರು ಬಿತ್ತು.

"ನೀನು ಬಂದಿರೋದು ನನ್ನ ಕಣ್ಣಿಗೆ ಕಾಣ್ತಾ ಇದೆ," ಎಂದಳು ಸೂಪರ್‌ವೈಸರಮ್ಮ. "ಆದ್ರೆ ಕಂಪ್ಯೂಟರಿಗೆ ಕಾಣಬೇಕಲ್ಲ?" ಅಂದು ಇಡೀ ದಿನ ಅವಳು ನಿಂತು ಹಾಸು ಮಡಿಸಿದಳು. ಬೆನ್ನು ನೋಯಿತು, ಬೆವರು ಇಳಿಯಿತು, ಲೆಕ್ಕದಲ್ಲಿ ಅವಳು ಬಂದಿರಲೇ ಇಲ್ಲ.

ಸಂಜೆ ಮನೆಯಲ್ಲಿ ಹೇಳಿದಳು. ಎಲ್ಲರಿಗೂ ಬೇಜಾರಾಯಿತು. ಬೇಜಾರಿಗೆ ಆ ಮನೆಯಲ್ಲಿ ಎಂದೂ ಬರ ಇರಲಿಲ್ಲ.

"ನಾನು ಬಂದು ಆ ಸೂಪರ್‌ವೈಸರ್ ಹತ್ರ ಮಾತಾಡ್ಲಾ?" ಎಂದರು ಮಾವ. "ಡಿಪೋದಲ್ಲಿ ಇಂಥೋರನ್ನ ಬೇಕಾದಷ್ಟು ನೋಡಿದೀನಿ."

"ಬೇಡ ಮಾವ."

"ಆ ಆ್ಯಪ್ ಕಂಪನಿಯೋರ ನಂಬರ್ ಇದ್ರೆ ಕೊಡು," ಎಂದ ಗಂಡ. "ಸರಿಯಾಗಿ ಬೈದು ಕಳಿಸ್ತೀನಿ."

"ಬೈದ್ರೆ ಹಾಜರಿ ಬೀಳುತ್ತಾ?"

"ಮತ್ತೆ ನಾನೇನು ಮಾಡ್ಲಿ ಹೇಳು?"

ಅವಳು ಅವನ ಅಪ್ಪನ ಕಡೆ ನೋಡಿದಳು. ಅವನು ಉಪ್ಪಿನ ಡಬ್ಬಿಯ ಕಡೆ ನೋಡಿದ. ಸ್ಟೂಲಿನ ಮೇಲೆ ಲೋಟಕ್ಕೆ ಒರಗಿದ ಫೋನಿನಲ್ಲಿ ಯಾರೋ ಬ್ರೇಕ್ ಡ್ರಮ್ಮು ಕಳಚುತ್ತಿದ್ದ.

ಮಂಗಳವಾರ ಎರಡನೆಯದು. ಮಧ್ಯಾಹ್ನ ಗಂಡನಿಗೆ ಫೋನು ಮಾಡಿ "ನಾಳೆ ಕೊನೆ, ಇವತ್ತು ಅಪ್ಪನ್ನ ಕೇಳಿ" ಎಂದಳು. "ಸಂಜೆ ಕೇಳ್ತೀನಿ, ಖಂಡಿತ" ಎಂದ. ಸಂಜೆ ಯಾರದೋ ಮೂರು ಮಹಡಿಯ ಮನೆಯ ಬಣ್ಣದ ಆರ್ಡರು ಸಿಕ್ಕಿ, ಗಿರಾಕಿಯ ಜೊತೆಯೇ ಉಂಡು ಬಂದ. ಬಂದಾಗ ಅಪ್ಪ ಮಲಗಿದ್ದರು. "ಮಲಗಿದೋರನ್ನ ಎಬ್ಬಿಸಿ ಕೇಳೋ ವಿಷಯನಾ ಇದು?" ಎಂದ.

ಬುಧವಾರ ಮೂರನೆಯದು.

ಆ ಸಂಜೆ ಅವಳು ಬಂದವಳೇ ಕೈಕಾಲು ತೊಳೆದು, ಎಂದಿನಂತೆ ತಟ್ಟೆ ಹಾಕಿ, ಅನ್ನ ಬೇಳೆ ಬಡಿಸಿ, ಎಲ್ಲರ ಮುಂದೆ ಮೊಟ್ಟೆ ಇಟ್ಟು, ನಿಂತುಕೊಂಡೇ ಹೇಳಿದಳು: "ನಾಳೆಯಿಂದ ಕೊಳೆ ಕಡೆ. ದಿನಗೂಲಿ. ನನ್ನ ಜಾಗಕ್ಕೆ ಹೊಸ ಹುಡುಗಿ ಬಂದಿದಾಳೆ."

ಗಂಡ ಆಡಬಾರದ ಮಾತನ್ನೇ ಆರಿಸಿ ಆಡಿದ.

"ಇಷ್ಟು ದೊಡ್ಡ ವಿಷಯ ಅಂತ ಮೊದಲೇ ಹೇಳಬಾರ್ದಿತ್ತಾ?"

ಸೊಸೆ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಹೇಳಿದ್ದೆ! ಬೇಳೆ ಬಡಿಸ್ತಾ ಹೇಳಿದ್ದೆ, ಬಟ್ಟೆ ತೆಗೀತಾ ಹೇಳಿದ್ದೆ, ಚಹಾ ಕೊಡ್ತಾ ಹೇಳಕ್ಕೆ ಬಂದಿದ್ದೆ. ಕೈಯಲ್ಲಿ ಕೆಲಸ ಇಟ್ಕೊಂಡು ಹೇಳಿದ್ರೆ ಈ ಮನೆಯಲ್ಲಿ ಯಾರಿಗೂ ಕೇಳಲ್ಲ. ನಾನೂ ಲೋಟಕ್ಕೆ ಒರಗಿಕೊಂಡು ಹೇಳಬೇಕಿತ್ತೇನೋ. ಹಳೇದು ಗಟ್ಟಿ, ಹಳೇದು ಗಟ್ಟಿ ಅಂತ ಹೊಗಳಿದ್ರಲ್ಲ, ನಿಮ್ಮಲ್ಲಿ ಯಾರಾದ್ರೂ ಒಂದು ದಿನ ಇಟ್ಕೊಂಡು ನೋಡಿದ್ರಾ? ಅದನ್ನ ಮೆಟ್ಟಿಲಿಂದ ಬೀಳಿಸಿದ್ದು ನಾನೇ. ಬಕೆಟ್ಟಿಗೆ ಹಾಕಿದ್ದೂ ನಾನೇ. ಸಾಯಲಿಲ್ಲ ಮುಂಡೇದು, ನನ್ನ ಕೆಲಸ ಸತ್ತಿತು!"

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಫೋನನ್ನು ಬೇಕೆಂದೇ ನೀರಿಗೆ ಹಾಕುವವರು ಇರುತ್ತಾರೆ ಎಂಬುದು ಅವರಿಗೆ ಅರಗಲು ಸ್ವಲ್ಪ ಹೊತ್ತು ಹಿಡಿಯಿತು.

"ನನ್ನ ಫೋನಿಗೆ ಬರುತ್ತಾ ಅದು?" ಎಂದರು ಕೊನೆಗೆ.

"ಬರುತ್ತೆ," ಎಂದ ಮಗ, ತಟ್ಟೆ ನೋಡುತ್ತಾ.

"ಹಾಗಾದ್ರೆ ನನ್ನ ಕೇಳಬಹುದಿತ್ತಲ್ಲ? ಯಾರು ಕೇಳಿದ್ರಿ ನನ್ನನ್ನ? ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

"ಕೇಳೋ ಹಾಗೆ ನೀವು ಇದ್ರೆ ತಾನೆ?" ಎಂದರು ಅತ್ತೆ. ಅವರ ದನಿ ಏರಲಿಲ್ಲ, ಅದಕ್ಕೇ ಎಲ್ಲರಿಗೂ ಕೇಳಿತು. "ಬ್ರಷ್ಷಿಗೂ ನಿಮ್ಮ ಮುಂದೆ ಕೈ ಚಾಚಿ ನಿಲ್ಲಬೇಕು. ಇವನಿಗೆ ಅಪ್ಪ ಅಂದ್ರೆ ಭಯ, ಇವಳಿಗೆ ಮಾವ ಅಂದ್ರೆ ಮರ್ಯಾದೆ, 'ನೀರಿಗೆ ಹಾಕು' ಅಂತ ಕಳ್ಳಬುದ್ಧಿ ಹೇಳಿಕೊಟ್ಟ ನನಗೂ ನಿಮ್ಮ ಹತ್ರ ನೇರವಾಗಿ ಒಂದು ಮಾತು ಆಡಕ್ಕಾಗ್ಲಿಲ್ಲ. ನಿಮ್ಮ ಪದ್ಧತೀನೇ ಹೇಳ್ತೀನಿ ಕೇಳಿ. ಆ ಫೋನ್ ನಿಮ್ಮದು, ನೀವು ಬಿಟ್ಟಿದ್ದು. ಅದನ್ನ ವಾಪಸ್ ತಗೊಳ್ಳಿ. ನಿಮ್ಮ ಕೈಯಲ್ಲಿರೋದನ್ನ ಕೊಡಿ."

ಮಾವ ಎದ್ದು ಕೈತೊಳೆದು ಬಂದರು. ಸ್ಟೂಲಿನ ಮೇಲಿನ ಫೋನನ್ನು ಎತ್ತಿ, ಪಂಚೆಯ ಅಂಚಿನಿಂದ ಒರೆಸಿ, ಸೊಸೆಯ ಮುಂದೆ ಹಿಡಿದರು. ಅವಳು ಕೈ ಮುಂದೆ ಮಾಡಿದಳು. ಅವರು ಬಿಡಲಿಲ್ಲ.

"ಹಳೇದು?" ಎಂದರು.

ಬೇಕೆಂದು ಅಂದದ್ದಲ್ಲ. ಅಷ್ಟು ವರ್ಷ ಅಂದ ಮಾತು ತಾನಾಗಿ ಬಾಯಿಗೆ ಬಂತು. ಅತ್ತೆ ಹಣೆ ಚಚ್ಚಿಕೊಂಡರು. ಸೊಸೆ ಜೇಬಿನಿಂದ ಹಳೆಯ ಫೋನು ತೆಗೆದು ಕೊಟ್ಟಳು. ಸಿಮ್ಮುಗಳು ಅದಲುಬದಲಾದವು. ಆ್ಯಪ್ ಒಂದೇ ಸಲಕ್ಕೆ ಬಂದು ಕೂತು, ಅವಳ ಮುಖ ಕೇಳಿತು. ಅವಳು ಮುಖ ಕೊಟ್ಟಳು. ಹಸಿರು ಗುರುತು ಬಂತು.

"ನೋಡಿದ್ಯಾ, ಎಷ್ಟು ಸುಲಭ," ಎಂದ ಗಂಡ. ಅವಳು ಅವನ ತಟ್ಟೆಯನ್ನು ಅವನು ಉಣ್ಣುತ್ತಿರುವಾಗಲೇ ಎತ್ತಿಕೊಂಡು ಹೋದಳು.

ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಗುರುವಾರ ಬೆಳಗ್ಗೆ ಗೇಟಿನಲ್ಲಿ ಫೋನು ಅವಳನ್ನು ಗುರುತಿಸಿತು. ಅವಳು ಗೋಡೆಯ ಆಚೆಗೆ ಹೋದಳು. ಕೊಳೆ ಕಡೆಯ ಬಾಗಿಲಲ್ಲಿ ಒಂದು ಪೆಟ್ಟಿಗೆ. ರೋಗ ಹರಡುತ್ತದೆಂದು ಅಲ್ಲಿ ಫೋನು ಒಳಗೆ ಬಿಡುವುದಿಲ್ಲ. ಅದನ್ನು ಅವಳು ಮರೆತೇ ಬಿಟ್ಟಿದ್ದಳು. ಯಾವುದಕ್ಕಾಗಿ ಇಷ್ಟು ದಿನ ಒದ್ದಾಡಿದಳೋ ಆ ಫೋನನ್ನು ಪೆಟ್ಟಿಗೆಗೆ ಹಾಕಿ, ಉದ್ದನೆಯ ಕೈಗವಸು ಹಾಕಿಕೊಂಡು, ಮೊದಲ ಚೀಲ ಬಿಚ್ಚಿದಳು. ವಾಸನೆ ಏನೂ ಬದಲಾಗಿರಲಿಲ್ಲ. ಗೋಡೆಯ ಆಚೆಯಿಂದ ಇಸ್ತ್ರಿ ಯಂತ್ರದ ಗುಂಯ್‌ಗುಡುವ ಸದ್ದು ಕೇಳುತ್ತಿತ್ತು.

ಚಹಾದ ಬಿಡುವಿನಲ್ಲಿ ಹೊರಬಂದು ಪೆಟ್ಟಿಗೆಯಿಂದ ಫೋನು ತೆಗೆದರೆ, ಅದರ ತುಂಬ ಮಾವನ ನಂಬರಿನಿಂದ ಬಂದ ಕರೆಗಳು. ತಲೆಸುತ್ತಿ ಬಿದ್ದರೋ ಏನೋ. ಕೂಡಲೇ ವಾಪಸು ಕರೆ ಮಾಡಿದಳು. ಎತ್ತಿದ್ದು ಮಾವನೇ.

"ಅಮ್ಮಾ, ಎಲ್ಲಿದ್ದೆ? ಇದು ಬೆಳಗಿನಿಂದ ಬಡ್ಕೋತಾನೇ ಇದೆ! ಎಷ್ಟು ಒತ್ತಿದ್ರೂ ನಿಲ್ತಾ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಾಗುತ್ತೆ, ಮತ್ತೆ ಶುರು. ಬೀರುವಿನೊಳಗೆ ಹಾಕಿ ಬೀಗ ಹಾಕಿದ್ರೆ ಬೀರುವೇ ಬಡ್ಕೊಳ್ಳುತ್ತೆ!"

ಅವಳಿಗೆ ಉಸಿರು ಬಂತು. "ಮಾತ್ರೆ ತಗೊಂಡ್ರಾ ಮಾವ?"

"ಇಲ್ಲಮ್ಮ. ನೀನು ಫೋನ್ ಮಾಡಲೇ ಇಲ್ಲವಲ್ಲ."

ಪಕ್ಕದ ಎರಡು ಬಟನ್ನು ಒಟ್ಟಿಗೆ ಒತ್ತಿ ಹಿಡಿಯಿರಿ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಅವಳು ಗೋಡೆಯನ್ನು ನೋಡಿದಳು.

"ಅದನ್ನ ಹೇಗೆ ನಿಲ್ಲಿಸೋದು ಹೇಳಮ್ಮ."

"ಎದ್ದು ಹೋಗಿ ಮಾತ್ರೆ ನುಂಗಿ ಮಾವ. ಮೋಟಾರು ಆರಿಸಿ. ಅದು ಹೇಳಿದ್ದನ್ನೆಲ್ಲ ಮಾಡಿ. ಆಮೇಲೆ ಅದು ತಾನಾಗೇ ಸುಮ್ಮನಾಗುತ್ತೆ."

"ದಿನಾ ಹೀಗೇನಾ?"

"ದಿನಾ ಹೀಗೇ," ಎಂದಳು. "ಗಟ್ಟಿ ಫೋನು ಮಾವ. ಇನ್ನೂ ಓಡುತ್ತೆ."

ಫೋನನ್ನು ಪೆಟ್ಟಿಗೆಗೆ ಹಾಕಿ, ಕೈಗವಸು ಏರಿಸಿಕೊಂಡು ಅವಳು ಒಳಗೆ ಹೋದಳು. ಇನ್ನೂ ಬಿಚ್ಚದ ಚೀಲಗಳು ಬಹಳ ಇದ್ದವು.